ಲೈಸೆನ್ಸ್ ಅಟೆಸ್ಟೇಶನ್ ಮಾಡಿಸಿಕೊಡುತ್ತೇವೆ ಅನ್ನುವವರ ಕೈಗೆ ಒರಿಜಿನಲ್ ಕಾರ್ಡ್ ಕೊಡಬೇಡಿ

ಕಾರವಾರ, ಅಂಕೋಲಾ, ಕುಮಟಾ, ಭಟ್ಕಳ ಕಡೆಯಿಂದ ಗಲ್ಫ್‌ಗೆ ಡ್ರೈವರ್ ಕೆಲಸಕ್ಕೆ ಹೊರಟವರು ದಯವಿಟ್ಟು ಇದನ್ನು ಪೂರ್ತಿ ಓದಿ. ನಿಮ್ಮ ಮನೆಯಲ್ಲಿ ಅಂಥವರು ಯಾರಾದರೂ ಇದ್ದರೆ ಓದಿ ಹೇಳಿ. ಕಾರವಾರದ ಒಬ್ಬ ಏಜೆಂಟ್ ನಮ್ಮಿಂದ 9,000 ರೂಪಾಯಿ ತೆಗೆದುಕೊಂಡ. ನನ್ನ ತಮ್ಮನ ಲೈಸೆನ್ಸ್ ಕಾರ್ಡ್ ಇಟ್ಟುಕೊಂಡ. ಕೊನೆಗೆ ಯಾವ ಕೆಲಸಕ್ಕೂ ಬಾರದ ಒಂದು ಕಲರ್ ಪ್ರಿಂಟ್ ಕೊಟ್ಟ. ದೂರು ಕೊಟ್ಟಿದ್ದೇವೆ, ಅದು ನಡೆಯುತ್ತಿದೆ. ಅದಕ್ಕೇ ಹೆಸರು ಹಾಕುತ್ತಿಲ್ಲ. ಆದರೆ ಅವನು ಏನೇನು ಹೇಳಿದ, ಏನೇನು ಮಾಡಿದ ಅನ್ನುವುದನ್ನು ಬರೆದೇ ಬರೆಯುತ್ತೇನೆ.

ತಮ್ಮ ಅಂಕೋಲಾದವನು, ಲೈಸೆನ್ಸ್ ಕಾರವಾರದ್ದು, ಕೆಎ 30. ಮೊದಲು ಮೀನಿನ ಲಾರಿ ಓಡಿಸುತ್ತಿದ್ದ, ಈಗ ಗೋಕರ್ಣ-ಗೋವಾ ಟೂರಿಸ್ಟ್ ಟೆಂಪೋ. ಕುವೈತ್‌ನ ಒಂದು ಕಂಪನಿಯಲ್ಲಿ ನೀರಿನ ಟ್ಯಾಂಕರ್ ಓಡಿಸುವ ಕೆಲಸ ಸಿಕ್ಕಿತು. ಅವರು ಕಳಿಸಿದ ಪಟ್ಟಿಯಲ್ಲಿ ಒಂದು ಸಾಲು ಇತ್ತು: ಡ್ರೈವಿಂಗ್ ಲೈಸೆನ್ಸ್‌ಗೆ ಭಾರತದ ವಿದೇಶಾಂಗ ಸಚಿವಾಲಯದ್ದು ಮತ್ತು ಕುವೈತ್ ರಾಯಭಾರ ಕಚೇರಿಯದ್ದು, ಎರಡೂ ದೃಢೀಕರಣ (ಅಟೆಸ್ಟೇಶನ್) ಬೇಕು. ಇಷ್ಟು ಸ್ಪಷ್ಟವಾಗಿ ಬರೆದಿತ್ತು. ಆ ಕಾಗದದ ಪ್ರತಿಯನ್ನೇ ಏಜೆಂಟ್‌ನ ಮೇಜಿನ ಮೇಲೆ ಇಟ್ಟಿದ್ದೆವು. ಇದನ್ನು ನೆನಪಿಡಿ, ಮುಂದೆ ಬರುತ್ತದೆ.

ಅಂಗಡಿ ಅಂದರೆ ನೀವೆಲ್ಲ ನೋಡಿರುವಂಥದ್ದೇ. ಝೆರಾಕ್ಸ್, ಪ್ಯಾನ್ ಕಾರ್ಡ್, ರೈಲು ಟಿಕೆಟ್, ವೀಸಾ ಸ್ಟಾಂಪಿಂಗ್, ಎಲ್ಲದಕ್ಕೂ ಒಂದೇ ಬೋರ್ಡು. ಮೊದಲು ಫೋನಿನಲ್ಲಿ ರೇಟು ಕೇಳಿದಾಗ "ಕಾರ್ಡಿನ ಫೋಟೋ ವಾಟ್ಸಾಪ್ ಮಾಡಿ, ನೋಡಿ ಹೇಳ್ತೇನೆ" ಅಂದ. ತಮ್ಮ ಟೆಂಪೋದಲ್ಲೇ ಕೂತು, ಎಡಗೈಯಲ್ಲಿ ಕಾರ್ಡ್ ಹಿಡಿದು ಒಂದು ಫೋಟೋ ತೆಗೆದು ಕಳಿಸಿದ. ಮರುವಾರ ನಾವಿಬ್ಬರೂ ಅಂಗಡಿಗೆ ಹೋದೆವು. "ಅಕ್ಕಾ, ನಮ್ಮೂರಿನವರ ಹತ್ರ ನಾನು ಜಾಸ್ತಿ ತಕೊಳ್ಳೋದಿಲ್ಲ. ಮಂಗಳೂರಲ್ಲಿ ಕೇಳಿ ನೋಡಿ, ಇಪ್ಪತ್ತರ ಕೆಳಗೆ ಯಾರೂ ಮಾಡೋದಿಲ್ಲ" ಅಂದ. ಒಟ್ಟು 14,000. ಮುಂಗಡ 9,000, ಉಳಿದದ್ದು ಕಾಗದ ಬಂದ ಮೇಲೆ. ಒರಿಜಿನಲ್ ಕಾರ್ಡ್ ಕೊಡಲೇಬೇಕು, ದೆಹಲಿಯಲ್ಲಿ ತೋರಿಸದೆ ಆಗುವುದಿಲ್ಲ ಅಂದ.

ನಾನು ರಸೀದಿ ಬೇಕೇ ಬೇಕು ಅಂತ ಹಟ ಹಿಡಿದೆ. ಮುಖ ಸಣ್ಣ ಮಾಡಿಕೊಂಡು ಬರೆದುಕೊಟ್ಟ. ಆರ್‌ಟಿಓ ವೆರಿಫಿಕೇಶನ್ 2,500. ಹೋಮ್ ಡಿಪಾರ್ಟ್‌ಮೆಂಟ್ 3,500. ಎಂಇಎ (ಅಂದರೆ ವಿದೇಶಾಂಗ ಸಚಿವಾಲಯ) 3,000. ಎಂಬೆಸಿ 5,000. ನಾಲ್ಕು ಸಾಲು, ಕೆಳಗೆ ಅವನ ಸಹಿ, ಅಂಗಡಿಯ ಸೀಲು. ಈ ರಸೀದಿ ಇಲ್ಲದಿದ್ದರೆ ಇವತ್ತು ನಾನು ಏನು ಹೇಳಿದರೂ ಯಾರೂ ನಂಬುತ್ತಿರಲಿಲ್ಲ.

ಆಮೇಲೆ ಶುರುವಾಯಿತು ಕಾಯುವುದು. "ಬೆಂಗಳೂರಲ್ಲಿದೆ." "ದೆಹಲಿಗೆ ಹೋಗಿದೆ." "ಎಂಬೆಸಿ ರಜೆ." "ನಾಳೆ ಬರ್ತದೆ." ಫೋನ್ ಮಾಡಿದಾಗಲೆಲ್ಲ ಒಂದೊಂದು ಉತ್ತರ. ತಮ್ಮನಿಗೆ ಅಲ್ಲಿಯವರೆಗೆ ಕೈಯಲ್ಲಿ ಕಾರ್ಡ್ ಇಲ್ಲ, ಮೊಬೈಲಿನಲ್ಲಿ ಡಿಜಿಲಾಕರ್ ತೋರಿಸಿಕೊಂಡು ಗಾಡಿ ಓಡಿಸುತ್ತಿದ್ದ.

ಕೊನೆಗೂ "ಬಂತು" ಅಂತ ಫೋನ್ ಬಂತು. ಸ್ಕ್ಯಾನ್ ಕಳಿಸಿದ. ತಮ್ಮ ಖುಷಿಯಿಂದ ಅದನ್ನೇ ಕಂಪನಿಗೆ ಕಳಿಸಿದ. ಅಲ್ಲಿ ಕಾಗದಪತ್ರ ನೋಡುವವರು ಕೇರಳದವರು, ಒಳ್ಳೆಯ ಮನುಷ್ಯ. ಅವರ ಉತ್ತರ ಎರಡೇ ಸಾಲು: ಇದರಲ್ಲಿ ಕುವೈತ್ ಎಂಬೆಸಿಯ ಸ್ಟಾಂಪ್ ಎಲ್ಲಿದೆ? ಇದು ಅಪೋಸ್ಟಿಲ್, ಇದು ಇಲ್ಲಿ ನಡೆಯುವುದಿಲ್ಲ. (ಅಪೋಸ್ಟಿಲ್ ಅಂದರೆ ನಮ್ಮ ವಿದೇಶಾಂಗ ಸಚಿವಾಲಯ ಅಂಟಿಸುವ ಒಂದು ಬಗೆಯ ದೃಢೀಕರಣದ ಸ್ಟಿಕ್ಕರ್.) ತಮ್ಮ ಫೋನ್ ನನ್ನ ಕೈಗೆ ಕೊಟ್ಟು ಹೊರಗೆ ಹೋಗಿ ನಿಂತ. ಕೆಲಸ ಕೊಡುವವರ ಎದುರು ನಾವೇ ಏನೋ ನಕಲಿ ಕಾಗದ ಕಳಿಸಿದ ಹಾಗೆ ಆಯಿತು. ಆ ನಾಚಿಕೆ ಈಗಲೂ ಹೋಗಿಲ್ಲ.

ಆಗ ನಾನು ಆ ಸ್ಕ್ಯಾನನ್ನು ದೊಡ್ಡದು ಮಾಡಿ ನೋಡಿದೆ. ಒಂದು ಹಾಳೆಯ ಮಧ್ಯದಲ್ಲಿ ಲೈಸೆನ್ಸ್‌ನ ಕಲರ್ ಪ್ರಿಂಟ್. ಅದರ ಎಡ ಅಂಚಿನಲ್ಲಿ ಏನೋ ಕಂದು ಬಣ್ಣದ್ದು. ಇನ್ನೂ ದೊಡ್ಡದು ಮಾಡಿದೆ. ಹೆಬ್ಬೆರಳು! ತಮ್ಮನ ಹೆಬ್ಬೆರಳು. ಉಗುರಿನ ಸಂದಿಯಲ್ಲಿ ಗ್ರೀಸಿನ ಕಪ್ಪು ಸಹಿತ ಕಾಣುತ್ತದೆ. ರೇಟು ಕೇಳಲು ಟೆಂಪೋದಲ್ಲಿ ಕೂತು ತೆಗೆದು ಕಳಿಸಿದ ಅದೇ ವಾಟ್ಸಾಪ್ ಫೋಟೋ! ಅದರ ಪಕ್ಕದಲ್ಲೇ ದೆಹಲಿಯ ಒಬ್ಬ ನೋಟರಿಯ ಸೀಲು: ಮೂಲ ಪ್ರತಿಯೊಂದಿಗೆ ಹೋಲಿಸಿ ನೋಡಲಾಗಿದೆ ಅಂತ. ಎಂಥಾ ಮೂಲ ಪ್ರತಿ? ಸೀಲಿನ ಕೆಳಗಿನ ತಾರೀಕು ನೋಡಿ. ನಾವು ಕಾರ್ಡ್ ಕೊಡುವುದಕ್ಕಿಂತ ಮುಂಚಿನದ್ದು. ಆ ದಿನ ಕಾರ್ಡ್ ತಮ್ಮನ ಪರ್ಸಿನಲ್ಲಿತ್ತು, ತಮ್ಮ ಗೋವಾ ಟ್ರಿಪ್ಪಿನಲ್ಲಿದ್ದ.

ಅಂದರೆ ನಾವು ಅಂಗಡಿಯಲ್ಲಿ ಕೂತು ದುಡ್ಡು ಎಣಿಸುವ ಮೊದಲೇ ಅವನು ಆ ಫೋಟೋವನ್ನು ದೆಹಲಿಗೆ ಕಳಿಸಿ ನೋಟರಿ ಸೀಲು ಹೊಡೆಸಿದ್ದ. ನಾವು ಬಂದೇ ಬರುತ್ತೇವೆ ಅನ್ನುವ ಅಷ್ಟು ಧೈರ್ಯ. ಒರಿಜಿನಲ್ ಕಾರ್ಡ್ ಅವನಿಗೆ ದೆಹಲಿಯಲ್ಲಿ ತೋರಿಸಲು ಬೇಕಾಗಿರಲೇ ಇಲ್ಲ. ಬಾಕಿ 5,000 ವಸೂಲಿ ಮಾಡಲು ಬೇಕಾಗಿತ್ತು. ಅಷ್ಟೇ. ಕಾರ್ಡ್ ಅವನ ಡ್ರಾಯರಿನಿಂದ ಹೊರಗೆ ಹೋಗಲೇ ಇಲ್ಲ.

ಮರುದಿನ ಆರ್‌ಟಿಓಗೆ ಹೋಗಿ ವಿಚಾರಿಸಿದೆ. ತಮ್ಮನ ಲೈಸೆನ್ಸ್ ನಂಬರ್ ಹಾಕಿ ನೋಡಿದರು. ಯಾವ ಅರ್ಜಿಯೂ ಬಂದಿಲ್ಲ. ಎಕ್ಸ್‌ಟ್ರಾಕ್ಟ್ (ಆರ್‌ಟಿಓ ದಾಖಲೆಯಲ್ಲಿರುವ ಲೈಸೆನ್ಸ್ ವಿವರದ ಪ್ರತಿ) ಬೇಕಿದ್ದರೆ ಪರಿವಾಹನದ ಸಾರಥಿ ವೆಬ್‌ಸೈಟಿನಲ್ಲಿ ಅರ್ಜಿ ಹಾಕಬೇಕು, ಯಾರಾದರೂ ಹಾಕಿದ್ದರೆ ಇಲ್ಲಿ ಕಾಣುತ್ತಿತ್ತು ಅಂದರು. ಹಾಗಾದರೆ ಆರ್‌ಟಿಓ ವೆರಿಫಿಕೇಶನ್ ಅಂತ ಬರೆದ 2,500 ಯಾರ ಜೇಬಿಗೆ ಹೋಯಿತು? ಹೋಮ್ ಡಿಪಾರ್ಟ್‌ಮೆಂಟ್ ಅಂತ 3,500 ಬರೆದಿದ್ದಾನಲ್ಲ, ಹಾಳೆಯ ಹಿಂದೆ ಮುಂದೆ ಎಲ್ಲೂ ಕರ್ನಾಟಕ ಸರ್ಕಾರದ ಒಂದು ಸೀಲೂ ಇಲ್ಲ. ನೋಟರಿ ಸಹಿಯ ಮೇಲೆ ದೆಹಲಿಯ ಒಬ್ಬ ಅಧಿಕಾರಿಯ ಸಹಿ, ಅದರ ಮೇಲೆ ಅಪೋಸ್ಟಿಲ್ ಸ್ಟಿಕ್ಕರ್. ಅಂಕೋಲಾದ ಹುಡುಗ, ಕಾರವಾರದ ಲೈಸೆನ್ಸ್, ಆದರೆ ಲೈಸೆನ್ಸ್ ಕೊಟ್ಟ ರಾಜ್ಯದ ಯಾರೂ ಆ ಕಾಗದ ನೋಡಿಲ್ಲ.

ಆ ಸ್ಟಿಕ್ಕರ್ ಸುಳ್ಳಲ್ಲ. ನಂಬರ್ ಹಾಕಿ ನೋಡಿದೆ, ದಾಖಲೆಯಲ್ಲಿದೆ. ನನಗೆ ಹೆಚ್ಚು ಸಿಟ್ಟು ಬಂದದ್ದೇ ಇದಕ್ಕೆ. ಅಪೋಸ್ಟಿಲ್ ಹೇಳುವುದು ಕೆಳಗಿರುವ ಸಹಿ ಆ ಅಧಿಕಾರಿಯದ್ದೇ ಅಂತ ಮಾತ್ರ. ಲೈಸೆನ್ಸ್ ಖರೆ ಹೌದೋ ಅಲ್ಲವೋ ಅಂತ ಅದು ಹೇಳುವುದಿಲ್ಲ. ಹೆಬ್ಬೆರಳಿನ ಫೋಟೋಗೂ ಸ್ಟಿಕ್ಕರ್ ಬಂದದ್ದು ಹಾಗೆ.

ಇನ್ನು ಕುವೈತ್ ವಿಷಯ. ಅಪೋಸ್ಟಿಲ್ ನಡೆಯುವುದು ಹೇಗ್ ಒಪ್ಪಂದಕ್ಕೆ ಸೇರಿದ ದೇಶಗಳಲ್ಲಿ ಮಾತ್ರ. ಭಾರತ 2005ರಲ್ಲಿ ಸೇರಿತು. ಗಲ್ಫ್‌ನಲ್ಲಿ ಒಮಾನ್, ಬಹ್ರೇನ್ ಇವೆ, ಸೌದಿ 2022ರಲ್ಲಿ ಬಂತು. ಕುವೈತ್ ಇಲ್ಲ. ಕುವೈತ್‌ಗೆ ಹೋಗುವ ಕಾಗದಕ್ಕೆ ಸಚಿವಾಲಯದ ಸಾಮಾನ್ಯ ದೃಢೀಕರಣ, ಅದರ ಮೇಲೆ ರಾಯಭಾರ ಕಚೇರಿಯ ಸ್ಟಾಂಪ್ ಬೇಕು. ದಿನವೂ ಇದೇ ಕೆಲಸ ಮಾಡುವವನಿಗೆ ಇದು ಗೊತ್ತಿಲ್ಲವೇ? ಖಂಡಿತ ಗೊತ್ತು. ಎಂಬೆಸಿ 5,000 ಅಂತ ರಸೀದಿಯಲ್ಲಿ ಬರೆದವನು ಅವನೇ ಅಲ್ವಾ!

ಫೋನ್ ಮಾಡಿದೆ. ಅವನ ಉತ್ತರಗಳನ್ನು ಹಾಗೇ ಬರೆಯುತ್ತೇನೆ.

"ಅಪೋಸ್ಟಿಲ್ ಇಡೀ ಪ್ರಪಂಚಕ್ಕೆ ನಡೀತದೆ ಅಕ್ಕಾ. ನಿಮ್ಮ ಕಂಪನಿಯವರಿಗೆ ಗೊತ್ತಿಲ್ಲ."

ಹಾಗಾದರೆ ರಸೀದಿಯಲ್ಲಿ ಎಂಬೆಸಿ ಅಂತ ಯಾಕೆ ಬರೆದೆ ಅಂದೆ. "ಅದು ನಮ್ಮ ಫಾರ್ಮ್ಯಾಟ್." ಫಾರ್ಮ್ಯಾಟ್ ಅಂತೆ. ದುಡ್ಡು ತೆಗೆದುಕೊಂಡದ್ದು ಫಾರ್ಮ್ಯಾಟಿಗಾ?

ಆಮೇಲೆ ಮಾತು ತಿರುಗಿಸಿದ. "ಎಂಬೆಸಿ ಬೇಕು ಅಂತ ನೀವು ಹೇಳಲೇ ಇಲ್ಲ." ಕಂಪನಿಯ ಪಟ್ಟಿ ಅವನ ಮೇಜಿನ ಮೇಲೆ ಇಟ್ಟು, ಆ ಸಾಲನ್ನು ಬೆರಳಿಟ್ಟು ತೋರಿಸಿದ್ದೆ. ಅದನ್ನು ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಾದ. "ಸರಿ, ಹಾಗಾದ್ರೆ ಇನ್ನೊಂದ್ 6,000 ಆಗ್ತದೆ, ಮಾಡಿಸಿ ಕೊಡ್ತೇನೆ. ಮೊದಲು ಹಳೇ ಬಾಕಿ ಐದ್ ಸಾವಿರ ಹಾಕಿ." ಫೋಟೋದಲ್ಲಿ ಹೆಬ್ಬೆರಳು ಕಾಣುತ್ತದಲ್ಲ ಅಂದದ್ದಕ್ಕೆ ಹೇಳಿದ, "ಸ್ಟಾಂಪ್ ಬಿದ್ದಿದೆ ತಾನೇ? ಬೆರಳು ಯಾರು ನೋಡ್ತಾರೆ?"

ಬೆರಳು ಯಾರು ನೋಡ್ತಾರೆ! ವೀಸಾ ಬರುವ ಆಸೆಯಲ್ಲಿ ಇದ್ದ ಟ್ರಿಪ್ಪುಗಳನ್ನೂ ಬಿಟ್ಟು ಓಡಾಡಿದ ಹುಡುಗನ ಹತ್ತಿರ ಹೇಳುವ ಮಾತಾ ಇದು? ಆ ಮಾತು ಕೇಳಿದ ಮೇಲೆ ನನ್ನ ಕೈ ನಡುಗಿತು. ಫೋನ್ ಇಟ್ಟುಬಿಟ್ಟೆ.

ಕಾರ್ಡ್ ವಾಪಸ್ ಪಡೆದ ಕಥೆ ಬೇರೆ. ಬಾಕಿ ಕೊಡದೆ ಕೊಡುವುದಿಲ್ಲ ಅಂದ. ನಮ್ಮ ಭಾವ ಜೊತೆಗೆ ಬಂದರು. ಸರ್ಕಾರ ಕೊಟ್ಟ ಲೈಸೆನ್ಸ್ ಅಡವಿಟ್ಟುಕೊಳ್ಳಲು ನಿನಗೆ ಯಾರು ಹಕ್ಕು ಕೊಟ್ಟರು, ಈಗಲೇ ಠಾಣೆಗೆ ಹೋಗೋಣ ಬಾ ಅಂದಾಗ ಡ್ರಾಯರ್ ಎಳೆದ. ನಾನು ಅಲ್ಲೇ ನಿಂತಿದ್ದೆ. ಆ ಡ್ರಾಯರಿನಲ್ಲಿ ತಮ್ಮನದ್ದೊಂದೇ ಅಲ್ಲ. ರಬ್ಬರ್ ಬ್ಯಾಂಡ್ ಹಾಕಿದ ಲೈಸೆನ್ಸ್ ಕಾರ್ಡುಗಳ ಒಂದು ಕಟ್ಟೇ ಇತ್ತು. ಇದನ್ನು ಓದುತ್ತಿರುವವರಲ್ಲಿ ಯಾರದ್ದೋ ಒಬ್ಬರದ್ದು ಅದರಲ್ಲಿ ಇರಬಹುದು. ನಾನು ಇಷ್ಟು ಉದ್ದ ಬರೆಯಲು ಮುಖ್ಯ ಕಾರಣ ಆ ಕಟ್ಟು.

ಸರಿಯಾದ ದಾರಿ ಏನು ಅಂತ ಈಗ ನಾವೇ ಹಿಡಿದು ನಡೆಯುತ್ತಿದ್ದೇವೆ, ಚಿಕ್ಕದಾಗಿ ಹೇಳುತ್ತೇನೆ. ಪ್ಲಾಸ್ಟಿಕ್ ಕಾರ್ಡಿನ ಮೇಲೆ ಯಾರೂ ಸೀಲು ಹೊಡೆಯುವುದಿಲ್ಲ. ಲೈಸೆನ್ಸ್ ಕೊಟ್ಟ ಆರ್‌ಟಿಓದಿಂದ ಎಕ್ಸ್‌ಟ್ರಾಕ್ಟ್ ತೆಗೆಸಿ, ಸಹಿ ಮತ್ತು ಸೀಲು ಇರಲಿ. ಅದರ ಮೇಲೆ ಮೊದಲು ರಾಜ್ಯ ಸರ್ಕಾರದ ದೃಢೀಕರಣ ಆಗಬೇಕು, ವೈಯಕ್ತಿಕ ದಾಖಲೆಗೆ ಅದು ಗೃಹ ಇಲಾಖೆಯ ಕೆಲಸ, ಬೆಂಗಳೂರಿನಲ್ಲಿ. ಆಮೇಲೆ ವಿದೇಶಾಂಗ ಸಚಿವಾಲಯ, ಕೊನೆಗೆ ಎಂಬೆಸಿ. ಸಚಿವಾಲಯ 2012ರಿಂದ ಜನರಿಂದ ನೇರವಾಗಿ ಕಾಗದ ತೆಗೆದುಕೊಳ್ಳುವುದಿಲ್ಲ, ತಾನೇ ಗೊತ್ತುಮಾಡಿದ ಏಜೆನ್ಸಿಗಳ ಮೂಲಕ ತೆಗೆದುಕೊಳ್ಳುತ್ತದೆ. ಆ ಏಜೆನ್ಸಿಗಳ ಹೆಸರು ಸಚಿವಾಲಯದ ವೆಬ್‌ಸೈಟಿನಲ್ಲೇ ಇದೆ. ನಿಮ್ಮ ಏಜೆಂಟ್ "ನಮಗೆ ಸಚಿವಾಲಯದ ಮಾನ್ಯತೆ ಇದೆ" ಅಂದರೆ ಅಲ್ಲೇ ತೆಗೆದು ನೋಡಿ. ಇನ್ನು ದುಡ್ಡು. ಸಾಮಾನ್ಯ ದೃಢೀಕರಣಕ್ಕೆ ಸಚಿವಾಲಯ ಶುಲ್ಕವೇ ತೆಗೆದುಕೊಳ್ಳುವುದಿಲ್ಲ. ಅಪೋಸ್ಟಿಲ್‌ಗೆ 50 ರೂಪಾಯಿ. ಹೌದು, ಐವತ್ತು. ಅದರ ಮೇಲೆ ಏಜೆನ್ಸಿಯ ಸಣ್ಣ ಸೇವಾ ಶುಲ್ಕ. ನಮ್ಮ ರಸೀದಿಯಲ್ಲಿ ಎಂಇಎ 3,000!

ಏಜೆಂಟ್‌ಗಳು ತಮ್ಮ ಓಡಾಟಕ್ಕೆ ದುಡ್ಡು ತೆಗೆದುಕೊಳ್ಳಬಾರದು ಅಂತ ನಾನು ಹೇಳುತ್ತಿಲ್ಲ. ಕಾರವಾರದಿಂದ ಬೆಂಗಳೂರು, ದೆಹಲಿ ಅಂದರೆ ದೂರ, ಎಲ್ಲರಿಗೂ ಹೋಗಲು ಆಗುವುದಿಲ್ಲ. ಆದರೆ ಅದನ್ನು ನನ್ನ ಕೂಲಿ ಅಂತ ಬರೆಯಿರಿ. ಹೋಗದ ಕಚೇರಿಯ ಹೆಸರು ಬರೆದು ವಸೂಲಿ ಮಾಡಬೇಡಿ.

ಇನ್ನೊಂದು ವಿಷಯ, ಮರೆಯುವ ಮೊದಲು. ಇದೇ ಅಂಗಡಿಯವನು ತಮ್ಮನಿಗೆ "ಹತ್ತು ವರ್ಷದ ಇಂಟರ್‌ನ್ಯಾಷನಲ್ ಲೈಸೆನ್ಸ್ ಬುಕ್ ಮಾಡಿಕೊಡ್ತೇನೆ, 4,000, ಎಂಬೆಸಿ ತಲೆಬಿಸಿನೇ ಬೇಡ" ಅಂತಲೂ ಹೇಳಿದ್ದ. ನಾವು ಬೇಡ ಅಂದಿದ್ದೆವು. ಖರೆ ಇಂಟರ್‌ನ್ಯಾಷನಲ್ ಪರ್ಮಿಟ್ ಕೊಡುವುದು ಆರ್‌ಟಿಓ, ಫಾರ್ಮ್ 4ಎ ತುಂಬಬೇಕು, ಶುಲ್ಕ 1,000 ರೂಪಾಯಿ, ಅದು ಒಂದೇ ವರ್ಷದ್ದು. ಹತ್ತು ವರ್ಷದ್ದು ಅಂತ ಇಲ್ಲವೇ ಇಲ್ಲ. ಆ ಪುಸ್ತಕ ತೆಗೆದುಕೊಂಡವರು ನಿಮ್ಮಲ್ಲಿ ಇದ್ದರೆ ದಯವಿಟ್ಟು ಅದನ್ನು ಹಿಡಿದುಕೊಂಡು ವಿದೇಶದಲ್ಲಿ ಗಾಡಿ ಹತ್ತಬೇಡಿ.

ಕೊನೆಗೆ ನನ್ನ ಬೇಡಿಕೆ ಇಷ್ಟೇ. ಒರಿಜಿನಲ್ ಕಾರ್ಡ್ ಯಾರ ಕೈಗೂ ಕೊಡಬೇಡಿ. ಯಾವ ಕಚೇರಿಯ ಯಾವ ಸೀಲು ಬರುತ್ತದೆ ಅಂತ ಮೊದಲೇ ಬರೆಸಿಕೊಳ್ಳಿ. ಕಾಗದ ಬಂದಾಗ ಮೊದಲು ತಾರೀಕುಗಳನ್ನು ನೋಡಿ, ಆಮೇಲೆ ಉಳಿದ ದುಡ್ಡು.

ಕುವೈತ್ ಕಂಪನಿ ಈ ಸಲದ ಬ್ಯಾಚಿಗೆ ಬೇರೆಯವರನ್ನು ತೆಗೆದುಕೊಂಡಿತು. ಮುಂದಿನ ಸಲ ನೋಡೋಣ ಅಂದಿದ್ದಾರೆ, ಅಷ್ಟರೊಳಗೆ ಎಕ್ಸ್‌ಟ್ರಾಕ್ಟ್ ಮೇಲೆ ಎಲ್ಲ ಸೀಲು ಹಾಕಿಸಿ ಇಟ್ಟಿರಬೇಕು. ಪೊಲೀಸ್ ಠಾಣೆಗೆ ಬರೆದು ಕೊಟ್ಟಿದ್ದೇವೆ, ಗ್ರಾಹಕ ಸಹಾಯವಾಣಿ 1915ಕ್ಕೂ ದೂರು ದಾಖಲಿಸಿದ್ದೇವೆ. ದೂರು ಹೋದ ಸಂಜೆಯೇ ಅವನ ಮೆಸೇಜ್ ಬಂತು: "ಅಕ್ಕಾ 3,000 ವಾಪಸ್ ಕೊಡ್ತೇನೆ, ಕಂಪ್ಲೇಂಟ್ ತೆಗೀರಿ." ತೆಗೆಯುವುದಿಲ್ಲ. 9,000 ಪೂರ್ತಿ ಬರಬೇಕು. ನಿಮ್ಮ ಹತ್ತಿರ ಇಂಥದ್ದೇ ನಾಲ್ಕು ಸಾಲಿನ ರಸೀದಿ ಇದ್ದರೆ ಎಸೆಯಬೇಡಿ. ನೀವೂ 1915ಕ್ಕೆ ಫೋನ್ ಮಾಡಿ ದೂರು ಬರೆಸಿ. ನಿಮ್ಮ ಕಾರ್ಡ್ ಇನ್ನೂ ಅವನ ಹತ್ತಿರ ಇದ್ದರೆ ನಾಳೆಯೇ ಹೋಗಿ ಕೇಳಿ, ಒಬ್ಬರೇ ಹೋಗಬೇಡಿ, ಜೊತೆಗೆ ಯಾರನ್ನಾದರೂ ಕರೆದುಕೊಂಡು ಹೋಗಿ.