ಮಲೆನಾಡಿನ ದಾರಿಗೆ ಯಾವ ಅಳತೆಯ ಟೈರು? ಮೂರು ಅಳತೆ, ಒಂದು ಬೆರಕೆ

ನಮ್ಮ ಮನೆ ಇರುವುದು ತೀರ್ಥಹಳ್ಳಿಯಿಂದ ಆಗುಂಬೆಗೆ ಹೋಗುವ ದಾರಿಯಲ್ಲಿ, ಮೇಗರವಳ್ಳಿಯ ಆಚೆ, ಡಾಂಬರು ರಸ್ತೆ ಬಿಟ್ಟು ಒಂದು ಕಿಲೋಮೀಟರಿನಷ್ಟು ಮಣ್ಣುದಾರಿಯ ಒಳಗೆ. 2014ರಲ್ಲಿ ಕೊಂಡ ಪೆಟ್ರೋಲ್ ಸ್ವಿಫ್ಟ್ ವಿಎಕ್ಸ್‌ಐ ಕಾರನ್ನು ಇಷ್ಟು ವರ್ಷಗಳಲ್ಲಿ ಎರಡು ಅಳತೆಯ ಟೈರುಗಳ ಮೇಲೆ ಓಡಿಸಿದ್ದೇನೆ, ಎರಡನ್ನೂ ಬೆರೆಸಿಕೊಂಡು ಅರ್ಧ ಮಳೆಗಾಲ ಕಳೆದಿದ್ದೇನೆ, ಮೂರನೆಯ ಅಳತೆಯನ್ನು ನನ್ನ ಭಾವಮೈದುನನ ಕಾರಿನಲ್ಲಿ ಮೂರು ತಿಂಗಳು ನೋಡಿದ್ದೇನೆ. ಅಂಗಡಿಗೆ ಹೋಗಿ ನಿಂತಾಗ "ಇದೂ ಕೂರುತ್ತದೆ ಸರ್, ಅದೂ ಕೂರುತ್ತದೆ" ಎಂಬ ಮಾತೇ ಎಲ್ಲ ಕಡೆ ಕೇಳಿಬರುವುದರಿಂದ, ಕೂರುವುದಕ್ಕೂ ಹೊಂದುವುದಕ್ಕೂ ಇರುವ ಅಂತರವನ್ನು ಬರೆದಿಡಬೇಕೆನಿಸಿತು.

ಕಾರಿನೊಂದಿಗೆ ಬಂದದ್ದು 165/80 ಆರ್14. ಅಂದರೆ ಟೈರಿನ ಅಗಲ 165 ಮಿಲಿಮೀಟರ್, ಪಕ್ಕದ ಗೋಡೆಯ ಎತ್ತರ ಆ ಅಗಲದ ಶೇಕಡಾ 80, ರಿಮ್ಮಿನ ವ್ಯಾಸ 14 ಇಂಚು. ಲೆಕ್ಕ ಹಾಕಿದರೆ ಪಕ್ಕದ ಗೋಡೆ 132 ಮಿಲಿಮೀಟರ್, ಇಡೀ ಚಕ್ರದ ವ್ಯಾಸ ಸುಮಾರು 620 ಮಿಲಿಮೀಟರ್. ಅದೇ ರಿಮ್ಮಿಗೆ ಕೂರುವ 185/70 ಆರ್14 ಟೈರಿನ ವ್ಯಾಸ ಸುಮಾರು 615. ಸ್ವಿಫ್ಟ್‌ನ ಮೇಲಿನ ಮಾದರಿಯಾದ ಝಡ್‌ಎಕ್ಸ್‌ಐಗೆ ಬರುವ 185/65 ಆರ್15ರದು 621ಕ್ಕಿಂತ ಸ್ವಲ್ಪ ಹೆಚ್ಚು, ಆದರೆ ಅದರ ಪಕ್ಕದ ಗೋಡೆ 120 ಮಿಲಿಮೀಟರ್ ಮಾತ್ರ.

ಮೂಲ ಅಳತೆಯ ಗುಣ ನನಗೆ ಚೆನ್ನಾಗಿ ಗೊತ್ತಿದೆ, ಏಕೆಂದರೆ ಆ ಅಳತೆಯ ಎರಡು ಸೆಟ್ ಸವೆಸಿದ್ದೇನೆ. ಸ್ಟಿಯರಿಂಗ್ ಹಗುರ, ಮೈಲೇಜ್ ಉತ್ತಮ. ಮಳೆಗಾಲದಲ್ಲಿ ನಮ್ಮ ಮಣ್ಣುದಾರಿ ಕೆಸರೆದ್ದಾಗ ಕಡಿಮೆ ಅಗಲದ ಈ ಟೈರು ಮೇಲಿನ ರಾಡಿಯನ್ನು ಸೀಳಿಕೊಂಡು ಕೆಳಗಿನ ಗಟ್ಟಿ ನೆಲವನ್ನು ಹಿಡಿಯುತ್ತದೆ. ಕೊರತೆ ಕಾಣುವುದು ಘಾಟಿಯಲ್ಲಿ. ಐದು ಜನ ಕುಳಿತು ಆಗುಂಬೆಯ 14 ತಿರುವುಗಳನ್ನು ಇಳಿಯುವಾಗ ಪ್ರತಿ ತಿರುವಿನಲ್ಲೂ ಕಾರು ಒಂದು ಬದಿಗೆ ವಾಲುತ್ತದೆ, ಒದ್ದೆ ರಸ್ತೆಯಲ್ಲಿ ಬ್ರೇಕ್ ಒತ್ತಿದಾಗ ನಿಲ್ಲಲು ನಾವು ಎಣಿಸಿದ್ದಕ್ಕಿಂತ ಎರಡು ಹೆಜ್ಜೆ ಮುಂದೆ ಹೋಗುತ್ತದೆ.

ಈ ಕೊರತೆ ನೀಗಲೆಂದೇ 2021ರ ಮಳೆಗಾಲದ ಆರಂಭದಲ್ಲಿ 185/70ರ ಎರಡು ಟೈರುಗಳನ್ನು ಕೊಂಡು ಮುಂದೆ ಹಾಕಿಸಿದೆ. ಎಂಜಿನ್ ಮುಂದಿದೆ, ಎಳೆಯುವುದೂ ಮುಂದಿನ ಚಕ್ರಗಳೇ, ಆದ್ದರಿಂದ ಹೊಸದು ಮುಂದಿರಲಿ ಎಂಬುದು ಅಂಗಡಿಯವರ ಸಲಹೆ, ನನಗೂ ಅದು ಸರಿಯೆಂದೇ ತೋರಿತು. ಹಿಂದೆ ಉಳಿದದ್ದು ಅರ್ಧಕ್ಕಿಂತ ಹೆಚ್ಚು ಸವೆದ 165/80. ಆಶ್ಲೇಷ ಮಳೆಯ ಒಂದು ಮಧ್ಯಾಹ್ನ ಘಾಟಿ ಇಳಿಯುತ್ತಿದ್ದೆ, ವೇಗ 30ರ ಆಸುಪಾಸು. ಧರೆಯಿಂದ ಇಳಿದ ನೀರು ತಿರುವಿನ ಒಳಮಗ್ಗುಲಿನಲ್ಲಿ ರಸ್ತೆಯ ಮೇಲೆಯೇ ಹರಿಯುತ್ತಿತ್ತು. ಎದುರಿಗೆ ಬಸ್ಸು ಕಂಡು ಬ್ರೇಕ್ ಒತ್ತಿದೆ. ಮೂತಿ ಅಂಟು ಹಾಕಿದಂತೆ ನಿಂತಿತು, ಹಿಂಭಾಗ ಮಾತ್ರ ಎಡಕ್ಕೆ ಜಾರಿ ಕಾರು ರಸ್ತೆಗೆ ಅಡ್ಡವಾಯಿತು. ಬಸ್ಸಿನ ಚಾಲಕರು ಮೊದಲೇ ನಿಧಾನಿಸಿದ್ದರಿಂದ ಯಾರಿಗೂ ಏನೂ ಆಗಲಿಲ್ಲ. ಹಿಂದಿನ ಸೀಟಿನಲ್ಲಿ ಅಮ್ಮ ಇದ್ದರು. ಆ ಹೊತ್ತನ್ನು ನಾನು ಇಂದಿಗೂ ಮರೆತಿಲ್ಲ.

ಕಾರಣ ನೇರವಾಗಿದೆ. ಇಳಿಜಾರಿನಲ್ಲಿ ಬ್ರೇಕ್ ಒತ್ತಿದಾಗ ಭಾರವೆಲ್ಲ ಮುಂದಕ್ಕೆ ಸರಿದು ಹಿಂದಿನ ಚಕ್ರಗಳು ಹಗುರಾಗುತ್ತವೆ. ಸವೆದ ಟೈರಿನ ಕಾಲುವೆಗಳಲ್ಲಿ ನೀರು ಹೊರಹೋಗಲು ಆಳ ಸಾಲದು. ಮುಂದಿನ ಹಿಡಿತ ತಪ್ಪಿದರೆ ಸ್ಟಿಯರಿಂಗಿನಲ್ಲಿ ಅದರ ಸುಳಿವು ಸಿಗುತ್ತದೆ, ವೇಗ ತಗ್ಗಿಸಿದರೆ ಹಿಡಿತ ಮರಳುತ್ತದೆ; ಹಿಂದಿನ ಹಿಡಿತ ತಪ್ಪಿದರೆ ತಿಳಿಯುವ ಹೊತ್ತಿಗೆ ಕಾರು ತಿರುಗಿರುತ್ತದೆ. ಎರಡೇ ಟೈರು ಕೊಳ್ಳುವುದಾದರೆ ಹೊಸ ಜೋಡಿಯನ್ನು ಹಿಂದೆ ಹಾಕಬೇಕೆಂದು ಟೈರು ತಯಾರಕರು ಹೇಳುವುದು ಇದಕ್ಕಾಗಿಯೇ. ಮರುವಾರ ಇನ್ನೆರಡು 185/70 ತಂದು ನಾಲ್ಕನ್ನೂ ಒಂದೇ ಮಾಡಿದೆ.

ನಾಲ್ಕೂ 185/70 ಆದ ಮೇಲೆ ಅದೇ ಘಾಟಿಯಲ್ಲಿ ಕಾರು ಬೇರೆಯೇ ಆಯಿತು: ವಾಲುವುದು ಕಡಿಮೆ, ಬ್ರೇಕ್ ಒತ್ತಿದ ಕಡೆ ನಿಲುಗಡೆ. ಪಕ್ಕದ ಗೋಡೆ ಕಡಿಮೆಯಾದದ್ದು ಬರೀ ಎರಡೂವರೆ ಮಿಲಿಮೀಟರ್, ಹಾಗಾಗಿ ಹೊಂಡಕ್ಕೆ ಇಳಿದಾಗ ಮೊದಲಿನ ಮೆತ್ತಗೆಯೇ ಉಳಿದಿದೆ. ಭಾರ ಹೊರುವ ಸೂಚ್ಯಂಕವೂ 85ರಿಂದ 88ಕ್ಕೆ ಏರಿತು, ಎಂದರೆ ಟೈರೊಂದಕ್ಕೆ 515 ಕಿಲೋ ಇದ್ದದ್ದು 560 ಕಿಲೋ. ಕಳೆದುಕೊಂಡದ್ದೂ ಇದೆ. ಮೈಲೇಜ್ ಲೀಟರಿಗೆ ಒಂದು ಕಿಲೋಮೀಟರಿನ ಹತ್ತಿರ ಇಳಿಯಿತು. ಅಗಲವಾದ ಟೈರು ನಿಂತ ನೀರಿನ ಮೇಲೆ ಬೇಗ ತೇಲುವುದರಿಂದ ಮಂಡಗದ್ದೆಯ ಆಸುಪಾಸಿನಲ್ಲಿ ರಸ್ತೆಯಲ್ಲಿ ನೀರು ಕಂಡರೆ ಈಗ ಮೊದಲಿಗಿಂತ ನಿಧಾನವಾಗಿ ಹೋಗುತ್ತೇನೆ. ನಮ್ಮ ಮಣ್ಣುದಾರಿಯ ಕೊನೆಯ ಏರಿನಲ್ಲಂತೂ ಹಳೆಯ ಟೈರೇ ಮೇಲಾಗಿತ್ತು.

15 ಇಂಚಿನದರ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಶಿವಮೊಗ್ಗದ ಪೇಟೆಯಲ್ಲಿ, ಬೆಂಗಳೂರಿನ ಹೆದ್ದಾರಿಯಲ್ಲಿ ಅದರ ಓಟ ಸೊಗಸು, ಅಂಗಡಿಗಳಲ್ಲಿ ಆಯ್ಕೆಯೂ ಹೆಚ್ಚು. ಆದರೆ ಭಾವಮೈದುನನ ಕಾರಿನ ಒಂದು ಅಲಾಯ್ ರಿಮ್ ಆ ಮೂರೇ ತಿಂಗಳಲ್ಲಿ ಹೊಂಡದ ಅಂಚಿಗೆ ಬಡಿದು ಸೊಟ್ಟಗಾಯಿತು. ಅಂಥ ಹೊಡೆತ ನನ್ನ ಕಬ್ಬಿಣದ ರಿಮ್ಮುಗಳಿಗೂ ಬಿದ್ದಿದೆ, ಎತ್ತರದ ಪಕ್ಕದ ಗೋಡೆ ಅದನ್ನು ನುಂಗಿಕೊಂಡಿದೆ.

ಬೆರಕೆಯ ಇನ್ನೊಂದು ಪಾಠ ಸ್ಟೆಪ್ನಿಯಿಂದ ಬಂತು. ನಾಲ್ಕು ಟೈರು ಬದಲಿಸಿದರೂ ಡಿಕ್ಕಿಯಲ್ಲಿ ಉಳಿದದ್ದು ಹಳೆಯ 165/80. ಮುಂದಿನ ಎಡ ಟೈರು ಪಂಕ್ಚರ್ ಆದ ದಿನ ಅದನ್ನೇ ಅಲ್ಲಿ ಹಾಕಿ ತೀರ್ಥಹಳ್ಳಿಯಿಂದ ಶಿವಮೊಗ್ಗಕ್ಕೆ ಹೋದೆ, ದಾರಿಯುದ್ದಕ್ಕೂ ಸ್ಟಿಯರಿಂಗ್ ಬಲಕ್ಕೆ ಎಳೆಯಿತು. ವ್ಯಾಸದಲ್ಲಿ ಐದು ಮಿಲಿಮೀಟರ್ ವ್ಯತ್ಯಾಸವೆಂದರೆ ಚಿಕ್ಕ ಚಕ್ರ ಕಿಲೋಮೀಟರಿಗೆ ನಾಲ್ಕು ಸುತ್ತು ಹೆಚ್ಚು ಉರುಳಬೇಕು. ಆ 60 ಕಿಲೋಮೀಟರಿಗೆ ಸುಮಾರು 250 ಸುತ್ತು. ನೇರ ರಸ್ತೆಯಲ್ಲೂ ಅಷ್ಟನ್ನು ಮುಂದಿನ ಡಿಫರೆನ್ಷಿಯಲ್, ಎಂದರೆ ಎಡ ಬಲ ಚಕ್ರಗಳು ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಗಿಯರುಗಳ ಜೋಡಣೆ, ಸರಿದೂಗಿಸುತ್ತಲೇ ಇರಬೇಕಾಗುತ್ತದೆ. ಅನಿವಾರ್ಯವಾದರೆ ಹಿಂದಿನ ಒಳ್ಳೆಯ ಟೈರನ್ನು ಮುಂದಕ್ಕೆ ತಂದು, ಬೇರೆ ಅಳತೆಯ ಸ್ಟೆಪ್ನಿಯನ್ನು ಹಿಂದೆ ಹಾಕಿಕೊಂಡು, ನಿಧಾನವಾಗಿ ಹತ್ತಿರದ ಪಂಕ್ಚರ್ ಅಂಗಡಿಯವರೆಗೆ ಮಾತ್ರ ಹೋಗುವುದು ಲೇಸು.

ಹೆಚ್ಚಿನ ಓಡಾಟ ತೋಟದ ದಾರಿಯಲ್ಲೇ ಇರುವವರಿಗೆ ಮೂಲ ಅಳತೆಯನ್ನೇ ಹೇಳುತ್ತೇನೆ. ನನ್ನಂತೆ ವಾರವಾರ ಘಾಟಿ ಇಳಿಯುವವರಿಗೆ 185/70. ಈ ಸಲ ನಾನು ಕೊಂಡದ್ದು ಅದನ್ನೇ, ಸ್ಟೆಪ್ನಿಯೂ ಸೇರಿ ಐದು. ಹಣ ಕೊಡುವ ಮೊದಲು ಪ್ರತಿಯೊಂದರ ಪಕ್ಕದಲ್ಲಿ ಒತ್ತಿದ ನಾಲ್ಕು ಅಂಕಿಗಳನ್ನು ಓದಿದೆ: ಮೊದಲೆರಡು ತಯಾರಾದ ವಾರ, ಕೊನೆಯೆರಡು ವರ್ಷ. ಒಂದು ಟೈರು ಉಳಿದವುಗಳಿಗಿಂತ ಎರಡು ವರ್ಷ ಹಳೆಯದಿತ್ತು. ಅದನ್ನು ಬದಲಿಸಿ ಕೊಟ್ಟ ಮೇಲೆಯೇ ಅಲೈನ್‌ಮೆಂಟಿಗೆ ಕಾರು ಹತ್ತಿಸಿದೆ.