ಎರಡನೇ ಜೋಡಿ ಬಂದಾಗ: ಪಾಟ್ ಬೆಟ್, ಚೆಕ್, ಇಲ್ಲವೇ ಸಣ್ಣ ಬೆಟ್?

ಕೈಯಲ್ಲಿ ಏಸ್-9, ಫ್ಲಾಪ್‌ನಲ್ಲಿ ಕಿಂಗ್-9-4, ಮೂರೂ ಬೇರೆ ಬೇರೆ ಜಾತಿಯ ಎಲೆ. ಫ್ಲಾಪ್ ಅಂದರೆ ಎಲ್ಲರಿಗೂ ಸೇರಿದಂತೆ ಮೇಜಿನ ಮೇಲೆ ಬೀಳುವ ಮೊದಲ ಮೂರು ಎಲೆ; ಅದರ ಎರಡನೇ ದೊಡ್ಡ ಎಲೆಯೊಂದಿಗೆ ಆದ ಜೋಡಿಯೇ ಎರಡನೇ ಜೋಡಿ. ಟೆಕ್ಸಾಸ್ ಹೋಲ್ಡೆಮ್ ಪೋಕರ್‌ನಲ್ಲಿ ದುಡ್ಡು ಸೋರುವುದು ಇಂಥ ನಡುಮಟ್ಟದ ಕೈಗಳಲ್ಲೇ. ನನ್ನ ಒಲವು ಪಾಟ್‌ನ (ಮೇಜಿನಲ್ಲಿ ಸೇರಿರುವ ಪಣದ) ಮೂರನೇ ಒಂದರಷ್ಟು ಬೆಟ್ ಮಾಡಿ, ಟರ್ನ್‌ನಲ್ಲಿ (ನಾಲ್ಕನೇ ಎಲೆ ಬಿದ್ದಾಗ) ಚೆಕ್ ಮಾಡುವ, ಅಂದರೆ ದುಡ್ಡು ಹಾಕದೆ ಸರದಿ ಬಿಡುವ ಕಡೆಗೆ.

ಲೆಕ್ಕಕ್ಕೆ ಇಬ್ಬರ ಹತ್ತಿರವೂ 100 ಬಿಗ್ ಬ್ಲೈಂಡ್ ಇದೆ ಅಂತಿಟ್ಟುಕೊಳ್ಳಿ (ಬ್ಲೈಂಡ್ ಅಂದರೆ ಎಲೆ ನೋಡುವ ಮೊದಲೇ ಹಾಕುವ ಕಡ್ಡಾಯ ಪಣ; ಇಲ್ಲಿನ ಅಂಕಿಗಳೆಲ್ಲ ಬಿಗ್ ಬ್ಲೈಂಡ್ ಲೆಕ್ಕದಲ್ಲಿ). ಬಟನ್‌ನಿಂದ (ಫ್ಲಾಪ್ ನಂತರ ಕೊನೆಗೆ ಮಾತಾಡುವ ಜಾಗ) ನಾವು 2.5ಕ್ಕೆ ರೈಸ್ ಮಾಡಿದೆವು (ಪಣ ಏರಿಸಿದೆವು), ಬಿಗ್ ಬ್ಲೈಂಡ್‌ನವರು ಮಾತ್ರ ಕಾಲ್ ಮಾಡಿದರು (ಸಮ ಹಾಕಿದರು). ಫೋಲ್ಡ್ ಮಾಡಿದ (ಎಲೆ ಕೆಳಗಿಟ್ಟ) ಸ್ಮಾಲ್ ಬ್ಲೈಂಡ್‌ನವರ 0.5 ಸೇರಿ ಪಾಟ್ 5.5.

ಪೂರಾ ಪಾಟ್ ಬೆಟ್ ಮಾಡಿದರೆ 5-5, 7-7, ಕೈಯಲ್ಲಿ ಒಂದೇ 4 ಇರುವ ಜೋಡಿ ಎಲ್ಲ ಎದ್ದು ಹೋಗುತ್ತವೆ. ಉಳಿಯುವುದು ಹೆಚ್ಚಾಗಿ ಕಿಂಗ್ ಇರುವವರು. ಅದನ್ನೇ ಟರ್ನ್‌ನಲ್ಲೂ ಮಾಡಿದರೆ ರಿವರ್ (ಐದನೇ, ಕೊನೆಯ ಎಲೆ) ಬರುವಷ್ಟರಲ್ಲಿ ನಮ್ಮ 24.5 ಬ್ಲೈಂಡ್ ಒಳಗೆ ಹೋಗಿರುತ್ತದೆ, ಅದೂ ಎರಡನೇ ಜೋಡಿಗೆ.

ಚೆಕ್ ಅಗ್ಗ. ಆದರೆ ಕ್ವೀನ್-ಜಾಕ್ ಹಿಡಿದವರಿಗೆ ಪುಕ್ಕಟೆ ಎಲೆ ಕೊಟ್ಟಂತೆ: ಅವರಿಗೆ ಜೋಡಿಯಾಗುವ ಎಲೆಗಳು ಆರು, ರಿವರ್ ತನಕ ಬಿಟ್ಟರೆ ಸುಮಾರು 25% ಸಲ ಬಂದೇ ಬರುತ್ತವೆ.

1.8ರ (ಪಾಟ್‌ನ ಮೂರನೇ ಒಂದರ) ಬೆಟ್‌ಗೆ ಇಂಥವರು ಫೋಲ್ಡ್ ಮಾಡಬೇಕು, ಇಲ್ಲವೇ ದುಡ್ಡು ಕೊಟ್ಟು ಎಲೆ ನೋಡಬೇಕು; ಸಣ್ಣ ಜೋಡಿಗಳು ಕಾಲ್ ಮಾಡುತ್ತವೆ. ಎರಡೂ ನಮಗೆ ಲಾಭ. ಟರ್ನ್‌ನಲ್ಲಿ ಚೆಕ್ ಮಾಡಿ, ರಿವರ್‌ನಲ್ಲಿ ಅರ್ಧ ಪಾಟ್ ಬೆಟ್ ಬಂದರೆ ಕಾಲ್ ಮಾಡಿದರೂ ಒಟ್ಟು ಖರ್ಚು 9 ಬ್ಲೈಂಡ್ ದಾಟುವುದಿಲ್ಲ.

ಈ ದಾರಿಯ ತಲೆನೋವು ಒಂದೇ: ಎದುರಿನವರ ಚೆಕ್-ರೈಸ್, ಅಂದರೆ ಮೊದಲು ಚೆಕ್ ಮಾಡಿ, ನಾವು ಬೆಟ್ ಮಾಡಿದ ಮೇಲೆ ಏರಿಸುವುದು. ಸಣ್ಣ ಬೆಟ್ ಕಂಡರೆ ಸಾಕು, ಕೆಲವರು 6ಕ್ಕೆ ಏರಿಸುತ್ತಾರೆ. ಆಗ ನಮ್ಮ ಕಾಲ್ ಸೇರಿ 17.5 ಆಗುವ ಪಾಟ್ ಗೆಲ್ಲಲು ನಾವು ಇನ್ನೂ 4.2 ಹಾಕಬೇಕು, ಅಂದರೆ ಗೆಲ್ಲುವ ಸಾಧ್ಯತೆ 24% ಇರಬೇಕು. ಅವರಲ್ಲಿ ಕಿಂಗ್-10 ಇದ್ದರೆ ನಮ್ಮನ್ನು ಉಳಿಸುವ ಎಲೆಗಳು ಐದೇ: ಮೂರು ಏಸ್, ಎರಡು 9. ಮುಂದಿನ ಒಂದು ಎಲೆಗೆ 11%, ಎರಡಕ್ಕೂ ಸೇರಿ 21%. ಲೆಕ್ಕ ಕೂಡಿಬರುವುದಿಲ್ಲ.

ಹಾಗಂತ ಪ್ರತಿ ಸಲ ಫೋಲ್ಡ್ ಮಾಡಿದರೆ ಎದುರಿನವರು ಅದನ್ನೇ ಅಭ್ಯಾಸ ಮಾಡಿಕೊಳ್ಳುತ್ತಾರೆ. ಜಾಕ್-10ರಂಥ ಕೈಯಲ್ಲೂ ರೈಸ್ ಮಾಡುವವರಾದರೆ ಒಮ್ಮೆ ಕಾಲ್ ಮಾಡಿ. ಟರ್ನ್‌ನಲ್ಲಿ ಮತ್ತೆ ದೊಡ್ಡ ಬೆಟ್ ಬಂತೋ, ಎಲೆ ಕೆಳಗಿಡಿ. ಗಂಟೆಗೊಮ್ಮೆ ಬಾಯಿ ಬಿಡುವ ಆಟಗಾರರು ರೈಸ್ ಮಾಡಿದರೆ ಮೊದಲ ಸಲವೇ ಫೋಲ್ಡ್. ಇಲ್ಲಿ 9-2 ಇದ್ದು ಕಾಲ್ ಮಾಡುವುದಂತೂ ಬೇಡ. ಏಸ್ ಜೊತೆಗಿರುವುದರಿಂದಲೇ ಈ ಕೈಗೆ ಅಷ್ಟು ಬೆಲೆ.

ಜಾಕ್-10-9ರಂಥ ಒತ್ತಾದ ಫ್ಲಾಪ್‌ನಲ್ಲಿ ಇದೇ ಏಸ್-9 ಬರಿಯ ಚೆಕ್. ಪಾಟ್‌ನಲ್ಲಿ ನಾಲ್ಕು ಜನರಿದ್ದರೂ ಚೆಕ್.

ಪಾಟ್ ಬೆಟ್‌ನ ಏರಿಳಿತ ತಾಳಲು 30–40 ಬೈ-ಇನ್ (ಒಂದು ಸಲ ಮೇಜಿಗೆ ಕೂರಲು ತರುವ ದುಡ್ಡು) ಬೆನ್ನಿಗಿದ್ದವರು ಆ ದಾರಿ ಹಿಡಿಯಲಿ. ಹತ್ತು ಬೈ-ಇನ್‌ನಲ್ಲಿ ಆಡುವ ನನ್ನಂಥವರಿಗೆ 1.8 ಸಾಕು. ಮೊದಲು ಮಾತಾಡಬೇಕಾದ ಜಾಗದಲ್ಲಿ ಕೂತಿದ್ದರೆ ಮಾತ್ರ ಚೆಕ್ ಮಾಡಿ ಕಾಲ್ ಮಾಡುವುದೇ ವಾಸಿ, ಏಕೆಂದರೆ ಅಲ್ಲಿ ಪಾಟ್‌ನ ಗಾತ್ರ ನಿಮ್ಮ ಕೈಲಿರುವುದಿಲ್ಲ.