ಹೋ ಕಣಿವೆಯ ಮಳೆಕಾಡಿಗೆ ಒಯ್ದ ಬಾಡಿಗೆ ಸಾಮಗ್ರಿ

ವಾಷಿಂಗ್ಟನ್ ರಾಜ್ಯದ ಒಲಿಂಪಿಕ್ ರಾಷ್ಟ್ರೀಯ ಉದ್ಯಾನದಲ್ಲಿ ಹೋ ನದಿಯ ದಂಡೆಗುಂಟ ಗ್ಲೇಸಿಯರ್ ಮೆಡೋಸ್‌ವರೆಗೆ ಸುಮಾರು 28 ಕಿಲೋಮೀಟರ್ ನಡೆದು ಮರಳುವ ಚಾರಣಕ್ಕೆಂದು, ಸಿಯಾಟಲ್‌ನ ಅಂಗಡಿಯೊಂದರಿಂದ ಡೇರೆ, ಮಳೆಯಂಗಿ ಹಾಗೂ ಕರಡಿಗಳಿಂದ ಆಹಾರವನ್ನು ಕಾಪಾಡುವ ಗಟ್ಟಿ ಡಬ್ಬಿಯನ್ನು ಐದು ದಿನಗಳ ಬಾಡಿಗೆಗೆ ಪಡೆದಿದ್ದೆವು. ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ ಸುರಿಯುವ ಕಣಿವೆಯಿದು. ಆಗುಂಬೆಯ ಮಳೆ ಕಂಡವರಿಗೆ ಈ ಅಂಕಿ ದೊಡ್ಡದೆನಿಸದಿದ್ದರೂ, ಇಲ್ಲಿನ ಮಳೆ ಚಳಿಯನ್ನೂ ಹೊತ್ತು ತರುವುದರಿಂದ ಮೈ ಒದ್ದೆಯಾಗುವುದು ಅಪಾಯಕರ.

ಡೇರೆ ನಿಜಕ್ಕೂ ಉತ್ತಮವಾಗಿತ್ತು. ದಾರಿಯಲ್ಲಿ ಸಿಗುವ ಒಲಿಂಪಸ್ ಗಾರ್ಡ್ ಸ್ಟೇಷನ್ ಎಂಬ ಕಾವಲು ಠಾಣೆಯ ಬಳಿ ರಾತ್ರಿಯಿಡೀ ಮಳೆ ಸುರಿದರೂ ಒಳಗೆ ಒಂದು ಹನಿಯೂ ಬೀಳಲಿಲ್ಲ. ಆದರೆ ಮಳೆಯಂಗಿಯ ಹೆಗಲ ಹೊಲಿಗೆಯ ಒಳಮೈಗೆ ಅಂಟಿಸಿದ್ದ ಪಟ್ಟಿ ಎರಡು ಬೆರಳಗಲ ಕಿತ್ತುಬಂದು, ಬೆನ್ನುಚೀಲ ಒತ್ತುವ ಜಾಗದಲ್ಲಿಯೇ ನೀರು ಇಳಿಯಿತು. ಬಿದ್ದ ಸಿಟ್ಕಾ ಸ್ಪ್ರೂಸ್ ಮರದ ಪಾಚಿಗಟ್ಟಿದ ಮೈಮೇಲೆ ಸಾಲಾಗಿ ಬೇರೂರಿದ ಎಳೆಯ ಸಸಿಗಳನ್ನು ನಿಂತು ನೋಡಬೇಕೆಂಬ ಆಸೆಯಿದ್ದರೂ, ನನ್ನ ಹೆಂಡತಿ ನಡುಗುತ್ತಿದ್ದುದರಿಂದ ನಿಲ್ಲಲಾಗಲಿಲ್ಲ. ಆ ಬೇಸರ ಇನ್ನೂ ಹೋಗಿಲ್ಲ.

ಮರಳಿದ ಮೇಲೆ ಅಂಗಡಿಯವರು ಕ್ಷಮೆ ಕೇಳಿ ಅಂಗಿಯ ಬಾಡಿಗೆಯನ್ನು ಹಿಂದಿರುಗಿಸಿದರು. ಆದರೂ ಕೊಡುವ ಮೊದಲೇ ನೀರು ಸುರಿದು ಪರೀಕ್ಷಿಸುವುದು ಅವರ ಹೊಣೆಯಾಗಿತ್ತು. ಡೇರೆಗೆ ಮತ್ತೆ ಅಲ್ಲಿಗೇ ಹೋಗುತ್ತೇವೆ. ಮಳೆಯಂಗಿಯನ್ನು ಮಾತ್ರ ಸ್ವಂತಕ್ಕೆ ಕೊಂಡಿದ್ದೇವೆ.